ಬೀಗರು ತಾವಾಗಿಯೇ ಏಳಬೇಕು

ನಮ್ಮ ಸೋದರತ್ತೆಯ ಮನೆಗೆ ಹೋಗುವುದು ಬಹಳ ಸುಲಭ. ಅಲ್ಲಿಂದ ಹೊರಡುವುದು ಮಾತ್ರ ಬ್ರಹ್ಮನಿಂದಲೂ ಆಗದ ಕೆಲಸ! ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ದಾಟಿ ಸ್ವಲ್ಪ ಮುಂದೆ, ರಸ್ತೆಗೆ ಅಂಟಿಕೊಂಡಂತೆಯೇ ಅವರ ಮನೆ. ಬಸ್ಸು ನಿಲ್ಲುವ ಆಲದ ಮರಕ್ಕೂ ಮನೆಯ ಗೇಟಿಗೂ ಒಂದು ಕೂಗಳತೆ. ಅಷ್ಟು ದೂರ ದಾಟುವುದಕ್ಕೆ ನನಗೆ ಒಮ್ಮೆ ಬೆಳಗಿನ ತಿಂಡಿಯಿಂದ ಸಂಜೆಯ ದೀಪ ಹಚ್ಚುವವರೆಗೆ ಹಿಡಿದಿದೆ ಎಂದರೆ ನಂಬುತ್ತೀರಾ? ನಂಬಬೇಡಿ. ಒಮ್ಮೆ ಹೋಗಿ ಬನ್ನಿ, ಆಮೇಲೆ ಮಾತಾಡೋಣ. ಹೋಗಿ ಬರಲು ಸಾಧ್ಯವಾದರೆ!

ಅತ್ತೆಗೆ ನೆಂಟರನ್ನು ಕಳಿಸಿಕೊಡಲು ಬರುವುದಿಲ್ಲ. ನಾವು ಚಪ್ಪಲಿ ಮೆಟ್ಟಿದ ಕೂಡಲೇ ‘ಒಂದ್ನಿಮ್ಷ ಇರು’ ಎಂದು ಒಳಗೆ ಓಡುತ್ತಾರೆ, ನುಗ್ಗೆಕಾಯಿ ತರುತ್ತಾರೆ. ಗೇಟಿನ ಹತ್ತಿರ ಹೋದರೆ ಇನ್ನೊಂದು ‘ಒಂದ್ನಿಮ್ಷ ಇರು’, ಹಿತ್ತಲಿನಿಂದ ಸೊಪ್ಪು ಬರುತ್ತದೆ. ಗೇಟಿಗೆ ಕೈ ಹಾಕಿದಾಗ ನಮ್ಮಮ್ಮನ ಮಂಡಿನೋವು ನೆನಪಾಗಿ, ಅದಕ್ಕೊಂದು ಎಣ್ಣೆ ಹುಡುಕಲು ಅಟ್ಟ ಹತ್ತುತ್ತಾರೆ. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ‘ಓದ್ರೆ ಓಯ್ತದೆ ಬುಡು, ಇನ್ನೊಂದು ಬತ್ತದೆ’ ಎನ್ನುತ್ತಾ ಅತ್ತೆ ಸಂತೋಷದಿಂದ ಮತ್ತೆ ಕಾಫಿಗೆ ಇಡುತ್ತಾರೆ. ಹ್ಯಾಂಡ್‌ಪೋಸ್ಟ್ ಎಂಬ ಊರಿನಿಂದ ಒಂದು ಲೋಟ ಮಜ್ಜಿಗೆಗೆಂದು ಬಂದ ನಮ್ಮ ಚಿಕ್ಕಪ್ಪ ಎರಡು ರಾತ್ರಿ ಕಳೆದು, ಮಾವನ ಪಂಚೆಯುಟ್ಟು ಊರು ಸೇರಿದ್ದರು. ಆ ದಾರಿಯ ಕಂಡಕ್ಟರುಗಳಿಗೂ ಇದು ಗೊತ್ತಾಗಿ ಹೋಗಿದೆ. ಗೇಟಿನಲ್ಲಿ ಅತ್ತೆಯ ಆಕೃತಿ ಕಂಡರೆ ಅವರು ವೇಗವನ್ನೇ ಕಡಿಮೆ ಮಾಡಿಸುವುದಿಲ್ಲ. ಆ ಹೆಂಗಸಿನ ಪಕ್ಕದಲ್ಲಿ ಬ್ಯಾಗು ಹಿಡಿದು ನಿಂತವನು ಈ ಬಸ್ಸಿನ ಗಿರಾಕಿಯಲ್ಲ ಎಂಬುದು ಅವರ ಅನುಭವ.

ಇಂಥ ಅತ್ತೆಯ ಮನೆಗೆ ಬಂದು, ಹದಿಮೂರೋ ಹದಿನಾಲ್ಕೋ ವರ್ಷ ಹೊರಡದೇ ಉಳಿದ ನೆಂಟರೊಬ್ಬರ ವಿಷಯ ಹೇಳಬೇಕು. ಅವರು ನಾಯಿ. ಆದರೆ ಅತ್ತೆಯ ಎದುರಿಗೆ ಹಾಗೆನ್ನಬೇಡಿ!

ಅತ್ತೆಯ ಒಬ್ಬಳೇ ಮಗಳಿಗೆ ಕೆ.ಆರ್.ನಗರದ ಹೊಸ ಅಗ್ರಹಾರದ ಕಡೆಯ ಗಂಡು ಗೊತ್ತಾಗುವುದರಲ್ಲಿತ್ತು. ಮಾತುಕತೆಗೆಂದು ಗಂಡಿನ ಕಡೆಯವರು ಒಂದು ಟೆಂಪೋ ತುಂಬ ಬಂದಿಳಿದರು. ಎಲ್ಲರೂ ಇಳಿದ ಮೇಲೆ ಕಡೆಗೆ, ಒಂದು ಕಿವಿ ನಿಂತ, ಇನ್ನೊಂದು ಕಿವಿ ಬಿದ್ದ ಕಂದು ಬಣ್ಣದ ಮರಿಯೊಂದು ಇಳಿಯಿತು. ಹೆಣ್ಣು ನೋಡಲು ಬರುವಾಗಲೂ ಬಿಟ್ಟು ಬರಲಾರದೆ ಕರೆತಂದಿದ್ದಾರೆ ಎಂದರೆ ಅದೆಷ್ಟು ಮುದ್ದಿನ ಮರಿಯಿರಬೇಕು ಎಂದುಕೊಂಡ ಅತ್ತೆ, ಬಂದವರಿಗೆಲ್ಲ ಕಾಲಿಗೆ ನೀರು ಕೊಟ್ಟಂತೆ ಮರಿಯ ನಾಲ್ಕೂ ಕಾಲು ತೊಳೆದು, ಒರೆಸಿ, ಚಾಪೆ ಹಾಸಿ, ತಟ್ಟೆಯಲ್ಲಿ ಹಾಲು ಇಟ್ಟರು. ಗಂಡಿನ ಕಡೆಯವರು ಕಣ್ಣರಳಿಸಿ ನೋಡಿದರು. ಸಾಕಿದ ನಾಯಿಗೇ ಇಷ್ಟು ಉಪಚಾರ ಮಾಡುವ ಮನೆಯಲ್ಲಿ ಬೆಳೆದ ಹುಡುಗಿ ಅತ್ತೆಮಾವನನ್ನು ಇನ್ನೆಷ್ಟು ಚೆನ್ನಾಗಿ ನೋಡಿಕೊಂಡಾಳು ಎಂದು ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಂಡು, ಅಲ್ಲೇ ಒಪ್ಪಿಬಿಟ್ಟರು.

ಸಂಜೆ ಟೆಂಪೋ ಹೊರಟಿತು, ಮರಿ ಮಾತ್ರ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿತ್ತು. ಅತ್ತೆ ಗಾಬರಿಬಿದ್ದು ಮಾವನಿಂದ ಫೋನು ಮಾಡಿಸಿದರು. ಆ ಕಡೆಯವರಿಗೆ ತಲೆಬುಡ ತಿಳಿಯಲಿಲ್ಲ. ಅದು ನಿಮ್ಮದೇ ನಾಯಿಯಲ್ಲವೇ ಎಂದು ಕೇಳಿದರು. ಕಡೆಗೆ ಡ್ರೈವರನನ್ನು ವಿಚಾರಿಸಿದಾಗ ವಿಷಯ ಹೊರಬಿತ್ತು. ಹುಣಸೂರಿನಲ್ಲಿ ಟೀ ಕುಡಿಯಲು ಟೆಂಪೋ ನಿಲ್ಲಿಸಿದಾಗ ಯಾರನ್ನೂ ಕೇಳದೆ ಹತ್ತಿ ಕೂತ ಬೀದಿಮರಿ ಅದು. ಎರಡೂ ಮನೆಗೆ ಸಂಬಂಧವಿಲ್ಲದ ಪ್ರಾಣಿಯಿಂದ ಎರಡು ಮನೆಗೆ ಸಂಬಂಧ ಬೆಳೆದಿತ್ತು!

ಬೀದಿ ನಾಯಿ ಎಂದು ಗೊತ್ತಾದ ಮೇಲಾದರೂ ಅತ್ತೆ ಅದನ್ನು ನಾಯಿಯಂತೆ ಕಂಡರೇ? ಇಲ್ಲ. ‘ಕಾಲ್ಗೆ ನೀರ್ ಕೊಟ್ಟಾಗದೆ ಕಣ್ಲಾ. ಇನ್ಮೇಕೆ ನಾಯಿ ಅನ್ನಕಾಯ್ತದಾ?’ ಎಂದು ನನ್ನನ್ನೇ ಗದರಿದರು. ಅಂದಿನಿಂದ ಅವರು ಬೀಗರಾದರು. ಎಲ್ಲಕ್ಕೂ ಬಹುವಚನ. ‘ಬೀಗ್ರೇ, ಊಟಕ್ಕೇಳಿ’, ‘ಬೀಗ್ರೇ, ಬಿಸ್ಲಲ್ಲಿ ಮಲಗ್ಬೇಡಿ.’ ಕೋಳಿ ಅಟ್ಟಿಸಿಕೊಂಡು ಹೋದಾಗ ಬೈದದ್ದೂ ‘ನಿಮ್ಗೆ ಮಾನ ಮರ್ವಾದೆ ಅದಾ ಬೀಗ್ರೇ’ ಎಂದೇ. ನಿಜವಾದ ಬೀಗರು ಹೊಸ ಅಗ್ರಹಾರದಿಂದ ಬಂದ ದಿನ ಊಟಕ್ಕೆ ಕರೆದರೆ ಇಬ್ಬರೂ ಒಟ್ಟಿಗೆ ಏಳುತ್ತಿದ್ದರು. ಪಾಪ, ಅವರು ಸಜ್ಜನರು. ಒಂದು ದಿನವೂ ಬೇಜಾರು ಮಾಡಿಕೊಳ್ಳಲಿಲ್ಲ, ಬಾಡಿನ ಮೂಳೆಗಳನ್ನು ಜೊತೆಯ ಬೀಗರಿಗೆಂದೇ ತೆಗೆದಿಡುತ್ತಿದ್ದರು.

ಬೀಗರು ತಾವೇ ಒಂದು ಕೆಲಸ ವಹಿಸಿಕೊಂಡರು. ನೆಂಟರನ್ನು ಆಲದ ಮರದವರೆಗೆ ಬಿಟ್ಟು ಬರುವುದು. ಯಾರಾದರೂ ‘ಬತ್ತೀನಿ’ ಎಂದದ್ದು ಕಿವಿಗೆ ಬಿದ್ದರೆ ಸಾಕು, ಎಲ್ಲಿದ್ದರೂ ಎದ್ದು ಮೈ ಕೊಡವಿ ಗೇಟಿಗೆ ಹೋಗಿ ನಿಲ್ಲುತ್ತಿದ್ದರು. ನೆಂಟರ ಮುಂದೆ ಮುಂದೆ ನಡೆದು, ಮರದ ಕೆಳಗೆ ಕೂತು, ಬಸ್ಸು ಬಂದಾಗ ಎರಡು ಸಲ ಬೊಗಳಿ, ಅದು ತಿರುವು ದಾಟುವವರೆಗೆ ಕಾದು ಹಿಂದಿರುಗುತ್ತಿದ್ದರು. ಅತ್ತೆ ಹಿಡಿದಿಟ್ಟುಕೊಳ್ಳುವವರು, ಬೀಗರು ಕಳಿಸಿಕೊಡುವವರು. ನನಗೆ ಅಲ್ಲಿಂದ ಎಂದಾದರೂ ಬಸ್ಸು ಸಿಕ್ಕಿದ್ದರೆ ಅದು ಬೀಗರ ಪುಣ್ಯ.

ಆದರೆ ವಯಸ್ಸು ಯಾವ ಬೀಗರನ್ನು ಬಿಟ್ಟಿದೆ? ಹೋದ ವರ್ಷ ಅವರ ಹಿಂಗಾಲು ಸೋತವು. ಕಣ್ಣಿಗೆ ಪೊರೆ ಬಂತು. ಮಲಗಿದಲ್ಲೇ ನರಳುವುದು ಶುರುವಾಯಿತು. ಹುಣಸೂರಿನಲ್ಲಿ ಮನೆ ಮಾಡಿಕೊಂಡಿರುವ ನಾನು ಪರಿಚಯದ ಪಶುವೈದ್ಯರೊಬ್ಬರನ್ನು ಅವರದೇ ಕಾರಿನಲ್ಲಿ ಕರೆದುಕೊಂಡು ಹೋದೆ. ಅವರು ನೋಡಿ, ಇನ್ನು ಗುಣವಾಗುವ ಮಾತಿಲ್ಲ, ನೋವು ಹೆಚ್ಚುತ್ತಲೇ ಹೋಗುತ್ತದೆ, ಒಂದು ಇಂಜೆಕ್ಷನ್ನು ಕೊಟ್ಟರೆ ನಿದ್ದೆಯಲ್ಲೇ ನೆಮ್ಮದಿಯಾಗಿ ಹೋಗುತ್ತಾರೆ ಎಂದು ಮೆಲ್ಲಗೆ ಹೇಳಿದರು. ಆ ಮನೆಯ ಗಾಳಿಯೋ ಏನೋ, ಡಾಕ್ಟರಿಗೂ ಬಹುವಚನ ಅಂಟಿಕೊಂಡಿತ್ತು.

ಅತ್ತೆ ಅಳಲಿಲ್ಲ, ಜಗಳವಾಡಲಿಲ್ಲ. ‘ಒಂದ್ನಿಮ್ಷ ಇರಿ ಡಾಕ್ಟ್ರೇ’ ಎಂದು ಒಳಗೆ ಹೋದರು. ಮೊದಲು ಕಾಫಿ ಬಂತು. ಆಮೇಲೆ ಅಕ್ಕಿರೊಟ್ಟಿ ಬಂತು. ರೊಟ್ಟಿ ಮುಗಿಯುವಷ್ಟರಲ್ಲಿ ಎಮ್ಮೆಯ ಗೊರಸು ನೋಡಬೇಕಾಯಿತು, ಕೋಳಿಗಳ ಕಣ್ಣು ನೋಡಬೇಕಾಯಿತು, ಮಾವನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ ನೋಡಬೇಕಾಯಿತು. ಅದಕ್ಕೂ ಪಶುವೈದ್ಯಕ್ಕೂ ಏನು ಸಂಬಂಧವೋ ದೇವರಿಗೇ ಗೊತ್ತು. ಕಾರಿನ ಡಿಕ್ಕಿಯಲ್ಲಿ ಎರಡು ಕುಂಬಳಕಾಯಿಯೊಂದಿಗೆ ನಾವು ಹಿಂದಿರುಗುತ್ತಿದ್ದಾಗ, ಅರ್ಧ ದಾರಿಯಲ್ಲಿ ಡಾಕ್ಟರು ಬ್ರೇಕು ಹಾಕಿ ನನ್ನ ಮುಖ ನೋಡಿದರು. ‘ನಾವು ಹೋಗಿದ್ದು ಯಾಕೆ ಮಾರಾಯ್ರೇ?’ ಎಂದರು.

ಎರಡನೆಯ ಸಲ ಅವರು ಹುಷಾರಾಗಿದ್ದರು. ಬಾಗಿಲಲ್ಲೇ ನಿಂತು ಕಾಫಿ ಬೇಡ ಎಂದರು. ಕಾಫಿ ಬೇಡ ಎಂದವರೊಂದಿಗೆ ಅತ್ತೆ ಮಾತಾಡುವುದುಂಟೇ! ಮೂತಿ ತಿರುಗಿಸಿಕೊಂಡು ಕಂಬಕ್ಕೆ ಒರಗಿ ಕೂತರು. ನಾನೇ ಧೈರ್ಯ ಮಾಡಿ, ಇನ್ನೆಷ್ಟು ದಿನ ಹೀಗೆ ನರಳಿಸುತ್ತೀರಿ ಎಂದು ಕೇಳಿದೆ.

‘ಬೀಗ್ರು ತಾವಾಗೇ ಎದ್ದು ಬತ್ತೀವಿ ಅನ್ನೋಗಂಟ, ಮನೆಯೋರು ಒರಡಿ ಅನ್ನಕಾಯ್ತದಾ? ನೀನೇ ಯೋಳು’ ಎಂದರು ಅತ್ತೆ.

ಪಾಪ, ಡಾಕ್ಟರು ತಮಗೆ ತಿಳಿದ ಉಪಾಯ ಹೇಳಿದರು. ಬೀಗರಿಗೆ ಬಹಳ ಇಷ್ಟದ ಕೆಲಸ ಯಾವುದೋ ಅದನ್ನು ಗಮನಿಸಿ, ಅದನ್ನೂ ಬಿಟ್ಟುಬಿಟ್ಟರೆ ಹೊರಡಲು ಸಿದ್ಧರಾಗಿದ್ದಾರೆ ಎಂದು ತಿಳಿಯಿರಿ ಎಂದರು. ಅತ್ತೆ ತಲೆಯಾಡಿಸಿದರು. ಬೀಗರಿಗೆ ಇಷ್ಟದ ಕೆಲಸ ಯಾವುದೆಂದು ಊರಿಗೇ ಗೊತ್ತಲ್ಲ! ಆದರೆ ಆ ತಲೆಯಾಡಿಸುವಿಕೆಯ ಒಳಗೆ ಎಂಥ ಹಿಕಮತ್ತಿತ್ತೆಂದು ನನಗೆ ತಿಳಿದದ್ದು ಮುಂದಿನ ಭಾನುವಾರ.

ಅಂದು ನಾನು ‘ಬತ್ತೀನಿ ಅತ್ತೆ’ ಎಂದೆ. ಬೀಗರು ತಲೆಯೆತ್ತಿದರು, ಏಳಲಾಗಲಿಲ್ಲ. ಅತ್ತೆ ಕೊಟ್ಟಿಗೆಯಿಂದ ಸಗಣಿ ಸಾಗಿಸುವ ಕೈಗಾಡಿಯನ್ನು ತೊಳೆದು, ಗೋಣಿಚೀಲ ಹಾಸಿ ತಂದು ನಿಲ್ಲಿಸಿದರು. ಇಬ್ಬರೂ ಹಿಡಿದು ಬೀಗರನ್ನು ಅದರಲ್ಲಿ ಕೂರಿಸಿದೆವು. ಗಾಡಿ ತಳ್ಳುವವರು ಯಾರು? ಅತ್ತೆಗೆ ಸೊಂಟನೋವು, ಮಾವ ಹೊಲದಲ್ಲಿ. ಹೀಗಾಗಿ ನನ್ನನ್ನು ಬಸ್ಸಿಗೆ ಬಿಡಲು ಹೊರಟ ಬೀಗರನ್ನು ನಾನೇ ಆಲದ ಮರದವರೆಗೆ ತಳ್ಳಿಕೊಂಡು ಹೋದೆ. ಬಸ್ಸು ಬಂತು. ಬೀಗರು ರಾಜಗಾಂಭೀರ್ಯದಿಂದ ಎರಡು ಸಲ ಬೊಗಳಿದರು. ಬಸ್ಸು ಹೊರಟುಹೋಯಿತು. ನಾನು ಹತ್ತುವುದೆಲ್ಲಿಂದ ಬಂತು? ಗಾಡಿಯನ್ನು ಮನೆಗೆ ಮುಟ್ಟಿಸಬೇಡವೇ! ಮನೆಗೆ ಮುಟ್ಟಿಸಿ ಮತ್ತೆ ‘ಬತ್ತೀನಿ’ ಎಂದರೆ ಬೀಗರು ಮತ್ತೆ ಸಿದ್ಧ. ಕತ್ತಲಾಗುವವರೆಗೆ ನಾನು ನನ್ನನ್ನೇ ಕಳಿಸಿಕೊಡುತ್ತಾ ಓಡಾಡಿದೆ. ಅತ್ತೆ ಮಾತ್ರ ಗೇಟಿನಲ್ಲಿ ನಿಂತು, ಇಷ್ಟದ ಕೆಲಸ ಇನ್ನೂ ಬಿಟ್ಟಿಲ್ಲವಲ್ಲ, ನಿಮ್ಮ ಡಾಕ್ಟರಿಗೆ ಹೇಳು ಎಂದು ಬೀಗುತ್ತಿದ್ದರು.

ಮಾವ ಮಾತಿಗೆ ಬಡವರು. ವರ್ಷಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಆ ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಾ, ‘ಅವ್ರು ಎದ್ರೂ ನೀನು ಕೂರುಸ್ತೀಯಲ್ಲ’ ಎಂದರು. ಅತ್ತೆ ಸಾರಿನ ಸೌಟು ಹಿಡಿದು ಹಾಗೇ ನಿಂತಿದ್ದರು.

ಇದಾದ ಕೆಲವು ವಾರಕ್ಕೆ ಅತ್ತೆಯೇ ಫೋನು ಮಾಡಿ ಡಾಕ್ಟರನ್ನು ಕರೆದುಕೊಂಡು ಬಾ ಎಂದರು. ಬೀಗರು ಊಟ ಬಿಟ್ಟಿದ್ದರು. ಕೈಗಾಡಿ ತಂದರೆ ಮುಖ ತಿರುಗಿಸುತ್ತಿದ್ದರಂತೆ. ನಾವು ಹೋದಾಗ ಜಗುಲಿಯ ಹಳೆಯ ಚಾಪೆಯ ಮೇಲೆ ಮಲಗಿದ್ದರು, ಪಕ್ಕೆಲುಬು ಎದ್ದು ಕಾಣುತ್ತಿತ್ತು. ಆದರೂ ಅತ್ತೆ ಕಾಫಿ ತಂದರು. ಈ ಸಲ ಡಾಕ್ಟರು ಬೇಡವೆನ್ನದೆ ಕುಡಿದರು. ರೊಟ್ಟಿಯನ್ನೂ ತಿಂದರು. ಅತ್ತೆ ಮತ್ತೊಂದು ಹಾಕಿದರು, ಅದನ್ನೂ ತಿಂದರು. ಕಡೆಗೆ ಡಾಕ್ಟರಿಗೇ ಅತ್ತೆಯ ಮೇಲೆ ಕನಿಕರ ಬಂದಿರಬೇಕು. ಇನ್ನೊಂದು ದಿನ ನೋಡೋಣವೆಂದು ಚೀಲ ತೆಗೆದುಕೊಂಡು, ‘ಬತ್ತೀನಿ ಕಣಮ್ಮ’ ಎಂದು ಎದ್ದು ನಿಂತರು.

ಬೀಗರ ಕಿವಿ ನಿಮಿರಿತು. ಮುಂಗಾಲು ಊರಿದರು. ಹಿಂಗಾಲು ಜಾರಿತು, ಮತ್ತೆ ಊರಿದರು, ಎದ್ದರು. ನಾನು ಹಿಡಿಯಲು ಹೋದೆ. ಮಾವ ನನ್ನ ತೋಳು ಹಿಡಿದು ನಿಲ್ಲಿಸಿದರು. ಬೀಗರು ಗೋಡೆಗೆ ಮೈ ಒತ್ತಿಕೊಂಡು, ಮೆಟ್ಟಿಲಿಳಿದು, ಡಾಕ್ಟರ ಮುಂದೆ ಮುಂದೆ ನಡೆದು ಗೇಟಿನವರೆಗೆ ಹೋದರು. ಅಲ್ಲಿ ಕಾಲು ಕುಸಿದು, ರಸ್ತೆಯ ಕಡೆ ಮುಖ ಮಾಡಿ ಮಲಗಿದರು. ಒಂದು ಸಲ ತಿರುಗಿ ಅತ್ತೆಯನ್ನು ನೋಡಿದರು.

ಅತ್ತೆ ಒಳಗೆ ಹೋದರು. ಹಾಲು ತಂದು, ಪುಸಲಾಯಿಸಿ, ಮತ್ತೆ ಚಾಪೆಗೆ ಕರೆತರುತ್ತಾರೆ ಎಂದುಕೊಂಡೆ. ಅವರು ತಂದದ್ದು ಎಲೆಯಡಿಕೆ ಇಟ್ಟ ತಟ್ಟೆ ಮತ್ತು ಒಂದು ಹೊಸ ಟವಲು. ಬೀಗರು ಹೊರಡುವಾಗ ಕೊಡುವ ಮರ್ಯಾದೆ. ಟವಲನ್ನು ಬೀಗರ ಮೈಮೇಲೆ ಹೊದಿಸಿ, ಮಣ್ಣಿನಲ್ಲೇ ಕೂತು, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ‘ಬನ್ನಿ ಡಾಕ್ಟ್ರೇ’ ಎಂದರು.

ಡಾಕ್ಟರು ಇಂಜೆಕ್ಷನ್ನು ಸಿದ್ಧ ಮಾಡಿಕೊಂಡು, ಅತ್ತೆಯ ಮುಖ ನೋಡುತ್ತಾ ಕಾದರು. ನಾನೂ ಕಾದೆ, ಮಾವನೂ ಕಾದರು. ಈಗ ಬರುತ್ತದೆ ‘ಒಂದ್ನಿಮ್ಷ ಇರಿ’ ಎಂದು ನಮಗೆಲ್ಲ ಖಾತ್ರಿಯಿತ್ತು. ಬರಲಿ ಎಂದು ನನಗೆ ಆಸೆಯೂ ಇತ್ತು. ಅತ್ತೆ ಬೀಗರ ಬಿದ್ದ ಕಿವಿಯನ್ನು ಎತ್ತಿ, ಸವರಿ, ‘ತಡ ಆಯ್ತದೆ ನಿಮ್ಗೆ. ಓಗ್ಬನ್ನಿ ಬೀಗ್ರೇ’ ಎಂದರು.

ಡಾಕ್ಟರು ಕಾರಿನಲ್ಲಿ ಹೊರಟರು. ನಾನು ಉಳಿದೆ. ಮಾವನೂ ನಾನೂ ಆಲದ ಮರದ ಹಿಂದೆ, ಹೊಲದ ಬದುವಿನಲ್ಲಿ ಗುಂಡಿ ತೋಡಿ ಮಣ್ಣು ಮಾಡಿದೆವು. ಸಂಜೆ ನಾನು ಚಪ್ಪಲಿ ಮೆಟ್ಟಿ ‘ಬತ್ತೀನಿ’ ಎಂದೆ. ಅಭ್ಯಾಸದಂತೆ ಗೇಟಿನ ಕಡೆ ನೋಡಿದೆ. ನುಗ್ಗೆಕಾಯಿ ಬರಲಿಲ್ಲ, ಎಣ್ಣೆ ಬರಲಿಲ್ಲ. ಅತ್ತೆ ಸೆರಗು ಹೊದ್ದು ನನ್ನ ಮುಂದೆ ಮುಂದೆ ನಡೆದರು.

ಬಸ್ಸು ಬಂತು. ಅತ್ತೆಯನ್ನು ಕಂಡು ವಾಡಿಕೆಯಂತೆ ನಿಲ್ಲಿಸದೆ ಹೋಗುವುದರಲ್ಲಿತ್ತು. ಅತ್ತೆ ರಸ್ತೆಗಿಳಿದು ಕೈ ಅಡ್ಡ ಹಿಡಿದು ನಿಲ್ಲಿಸಿದರು. ‘ಬಸ್ ಅತ್ತು ಮಗ, ಕತ್ಲಾಯ್ತದೆ’ ಎಂದರು. ನಾನು ಹತ್ತಿದೆ. ತಿರುಗಿ ನೋಡಿದರೆ ಅತ್ತೆ ಮರದ ಕೆಳಗೆ, ಬೀಗರು ಕೂರುತ್ತಿದ್ದ ಜಾಗದಲ್ಲೇ ಒಬ್ಬರೇ ನಿಂತು, ಬಸ್ಸು ತಿರುವು ದಾಟಲಿ ಎಂದು ಕಾಯುತ್ತಿದ್ದರು. ಕಂಡಕ್ಟರು ಸೀಟಿಯನ್ನು ಬಾಯಿಗಿಟ್ಟರು.

‘ಒಂದ್ನಿಮ್ಷ ಇರಿ’ ಎಂದು ನಾನು ಕೆಳಗಿಳಿದೆ.