ಎಡಗಾಲಿಗೆ ಕೆಲಸವಿಲ್ಲದ ಕಾರು

ನಮ್ಮ ಕಾಕಾ ತಮ್ಮ ಮದುವೆಗೆ ಒಪ್ಪಿಕೊಳ್ಳಲು ಒಂದು ಕಪ್ ಚಹಾ ಆರುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲವಂತೆ. ಆದರೆ ಕಾರಿನ ಗೇರ್ ಆಯಿಲ್ ಬದಲಿಸಲು ಅವರು ಒಪ್ಪುವಷ್ಟರಲ್ಲಿ ಅವರ ತಂಗಿಯ ಮಗಳ ನಿಶ್ಚಿತಾರ್ಥ, ಮದುವೆ, ಬಸುರಿನ ಕುಬಸ, ಕೂಸಿನ ತೊಟ್ಟಿಲು ಎಲ್ಲ ಮುಗಿದು, ಆ ಕೂಸು ‘ಕಾರು’ ಎನ್ನುವುದನ್ನೂ ಕಲಿತಿತ್ತು! ಉತ್ಪ್ರೇಕ್ಷೆ ಅನ್ನುತ್ತೀರಾ? ನನಗೂ ಹಾಗೇ ಅನ್ನಿಸಿ ನನ್ನ ಹಳೆಯ ದಿನಚರಿ ತಿರುವಿ ನೋಡಿದೆ. ಕುಬಸದ ದಿನ, ‘ಊಟದ ಪಂಕ್ತಿಯಲ್ಲಿ ಕಾಕಾ ಆಯಿಲ್ ಮಾತು ತೆಗೆದರು’ ಎಂದಿದೆ. ತೊಟ್ಟಿಲ ದಿನ ಬರೀ ‘ಮತ್ತೆ ಅದೇ’ ಎಂದಿದೆ.

ಕಾಕಾ ಯಾರೆಂದು ಹೇಳಬೇಕು. ಗೋಕಾಕದ ಬಜಾರಿನಲ್ಲಿ ಅವರದು ಗಡಿಯಾರ ರಿಪೇರಿ ಅಂಗಡಿ. ಈಗ ಅರ್ಧ ಅಂಗಡಿ. ಇನ್ನರ್ಧದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೂಲೆಯಲ್ಲಿ ಕೂತ ಕಾಕಾನನ್ನು ಕವರ್ ಕೊಳ್ಳಲು ಬಂದ ಹುಡುಗಿಯರು ಅಂಗಡಿಯ ಅಲಂಕಾರವೆಂದೇ ತಿಳಿದು ಫೋಟೊ ತೆಗೆದುಕೊಂಡು ಹೋಗುವುದುಂಟು. ಸೂಜಿಯ ಮೊನೆಯಿಂದ ಎಣ್ಣೆ ಬಿಡುವ ಕಸುಬು ಅವರದು. ಅವರ ಕಣ್ಣಿಗೆ ಒಂದು ಹನಿಯೆಂದರೆ ಮಹಾಪೂರ! ಈ ಕಸುಬಿನಿಂದ ಅವರು ಗಳಿಸಿದ ಆಸ್ತಿ ಒಂದೇ ವಾಕ್ಯ: “ನಡಿಯೂ ಗಡಿಯಾರಕ್ಕ ಕೈ ಹಚ್ಚಬಾರ್ದು.” ವರ್ಷಗಟ್ಟಲೆ ಕೊಳೆ ತುಂಬಿಕೊಂಡೂ ಟಿಕ್‌ಟಿಕ್ ಎನ್ನುತ್ತಿರುವ ಗಡಿಯಾರವನ್ನು ಬರೀ ಸ್ವಚ್ಛ ಮಾಡಿಕೊಡಿ ಎಂದು ತಂದವರನ್ನು ಅವರು ಮೆಟ್ಟಿಲಿನಿಂದಲೇ ತಿರುಗಿ ಕಳಿಸುತ್ತಿದ್ದರು. ಸವೆದ ಚಕ್ರಗಳನ್ನು ಆ ಕೊಳೆಯೇ ಹಿಡಿದಿಟ್ಟಿರುತ್ತದೆ, ತೊಳೆದರೆ ನಿಂತೇಹೋಗುತ್ತದೆ ಎಂಬುದು ಅವರ ವಾದ. ಬಂದ ಗಿರಾಕಿಯನ್ನು ಹೀಗೆ ಓಡಿಸಿದರೆ ಸಂಸಾರ ನಡೆಯುವುದು ಹೇಗೆ? ಸಂಸಾರ ನಡೆಸುತ್ತಿದ್ದವರು ಅವರ ಹೆಂಡತಿ, ನಮ್ಮ ಕಾಕು.

ಕಾಕು ಅಂಗನವಾಡಿ ಮೇಲ್ವಿಚಾರಕಿ. ಮೂಡಲಗಿ ಸುತ್ತಿನ ಹಳ್ಳಿಗಳೆಲ್ಲ ಅವರ ಪಾಲಿಗೆ. ಮೊದಲು ಸ್ಕೂಟರ್ ಮೇಲೆ ತಿರುಗುತ್ತಿದ್ದರು. ಕೆಲವು ವರ್ಷಗಳ ಹಿಂದೆ ನಡುನೋವಿಗೆ ಆಪರೇಷನ್ ಆಯಿತು. ನೋವು ಹೋಯಿತು, ಹೋಗುವಾಗ ಎಡಪಾದದ ಬಲವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹೀಗೂ ಒಮ್ಮೊಮ್ಮೆ ಆಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಆಮೇಲೆ ಸ್ಕೂಟರ್ ಆಗಲಿಲ್ಲ. ಬಸ್ಸಿನ ಮೊದಲ ಮೆಟ್ಟಿಲು ಗುಡ್ಡವಾಯಿತು. ಕ್ಲಚ್ ಇರುವ ಕಾರು ನಡೆಸುವ ಮಾತೇ ಇರಲಿಲ್ಲ. ಉಳಿದದ್ದು, ಎಡಗಾಲಿಗೆ ಕೆಲಸವೇ ಇಲ್ಲದ ಆಟೋಮ್ಯಾಟಿಕ್ ಕಾರು. ಹುಕ್ಕೇರಿಯ ವಕೀಲರೊಬ್ಬರ ಹತ್ತಿರ ಹಳೆಯದೊಂದು ಸಿಕ್ಕಿತು. ಕಾಕು ಆ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತರು. ಅಂದಿನಿಂದ ಆ ಕಾರೇ ಅವರ ಎಡಗಾಲು. ಅದು ನಿಂತರೆ ನೌಕರಿ ನಿಂತಂತೆ. ಇನ್ನೊಂದು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ.

ಕಾಕಾಗೆ ಕಾರು ನಡೆಸಲು ಬಾರದು. ಆದರೂ ಅಂಗಡಿಗೆ ಸೂಟಿ ಇದ್ದ ದಿನ ತಪ್ಪದೆ ಕಾಕುವಿನ ಬಾಜೂ ಸೀಟಿನಲ್ಲಿ ಹಾಜರು! ಹಾಡು ಬೇಡ, ಮಾತು ಬೇಡ. ಬಲಗೈ ಬೆರಳ ತುದಿಯನ್ನು ಗೇರಿನ ಬುಡಕ್ಕೆ ಹಚ್ಚಿ, ನಾಡಿ ನೋಡುವ ವೈದ್ಯರಂತೆ ಕಣ್ಣು ಮುಚ್ಚಿ ಕೂಡುತ್ತಿದ್ದರು. “ಕೈ ತೆಗೀರಿ” ಎಂದು ಕಾಕು ಅನ್ನುವರು. ತೆಗೆಯುವರು. ಮುಂದಿನ ತಿರುವಿನಲ್ಲಿ ಕೈ ಮತ್ತೆ ಅಲ್ಲೇ. ಗೋಕಾಕದಿಂದ ಮೂಡಲಗಿ ಮುಟ್ಟುವುದರೊಳಗೆ ಈ ಮಾತು ಎಷ್ಟು ಸಲ ಬರುತ್ತಿತ್ತೆಂದರೆ, ಹಿಂದಿನ ಸೀಟಿನಲ್ಲಿದ್ದ ನಾನು ಅದನ್ನು ಕಾರಿನದೇ ಒಂದು ಸದ್ದು ಎಂದುಕೊಂಡಿದ್ದೆ.

ಆಯಿಲ್ ಪುರಾಣ ಆರಂಭವಾದದ್ದು ಕಣಗಲಾದಲ್ಲಿ. ಒಂದು ಮದುವೆ ಮುಗಿಸಿ ಹೆದ್ದಾರಿ ಹತ್ತುವಾಗ ಕಾಕಾ, ಗಾಡಿ ಜಗ್ಗಿತು ಅಂದರು. ಜಗ್ಗಲಿಲ್ಲ, ಹಂಪ್ ಇತ್ತು ಎಂದು ಕಾಕು. ಕಾಕಾ ಹಿಂದೆ ತಿರುಗಿ, ಕಾಕು ಕನ್ನಡಿಯಲ್ಲಿ, ಇಬ್ಬರೂ ಏಕಕಾಲಕ್ಕೆ ನನ್ನ ಸಾಕ್ಷಿ ಕೇಳಿದರು. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಸಾಕ್ಷಿಗಳನ್ನು ಎಷ್ಟು ನಂಬಬೇಕೆಂದು ಒಂದಿಡೀ ಪಾಠ ಮಾಡುತ್ತೇನೆ. ಅಂದು ಮಾದಲಿ-ತುಪ್ಪದ ಊಟ ಮಾಡಿ ತೂಕಡಿಸುತ್ತಿದ್ದವನಿಗೆ ಏನೂ ಗೊತ್ತಾಗಿರಲಿಲ್ಲ. ಹಾಗೆಂದೇ ದಿನಚರಿಯಲ್ಲಿ ಬರೆದೆ. ಆದರೆ ಕಾಕಾ ಆ ಜಗ್ಗಾಟದ ಕಥೆಯನ್ನು ಎಷ್ಟು ಸಲ ಹೇಳಿದರೆಂದರೆ, ಈಗ ಕಣ್ಣು ಮುಚ್ಚಿದರೆ ನನಗೂ ಅದು ಸ್ಪಷ್ಟವಾಗಿ ನೆನಪಾಗುತ್ತದೆ. ಮುಂದಿನ ಸೀಟಿಗೆ ನನ್ನ ಹಣೆ ಬಡಿದದ್ದೂ ನೆನಪಾಗುತ್ತದೆ, ಒಮ್ಮೆ ಕಾಕುವಿನ ಮುಂದೆ ಹಾಗೆಂದು ಹೇಳಿಯೂ ಬಿಟ್ಟಿದ್ದೆ! ಹಣೆ ಬಡಿದಿರಲಿಲ್ಲ. ಬಡಿದಿರಲಿಲ್ಲವೆಂದೇ ನನ್ನ ನಂಬಿಕೆ.

ಗೋಕಾಕದ ಮೆಕ್ಯಾನಿಕ್ ನೋಡಿ, ಗೇರ್ ಆಯಿಲ್ ಹಳೆಯದಾಗಿದೆ, ಬೇಗ ಬದಲಿಸಿ ಎಂದ. ಕಾಕಾ ತಲೆಯಾಡಿಸಿ, ಎರಡನೆಯ ಅಭಿಪ್ರಾಯಕ್ಕೆ ಮೂಡಲಗಿಗೆ ನಡೆದರು. ಅಲ್ಲಿಯ ಮೆಕ್ಯಾನಿಕ್ ಕಾಕಾನ ಮಾತನ್ನೇ ಕಾಕಾಗೆ ಹೇಳಿದ. “ಇಷ್ಟ್ ವರ್ಷ ಬಿಚ್ಚಿಲ್ಲಂದ್ರ ಈಗ ಬಿಚ್ಚಬ್ಯಾಡ್ರಿ. ಒಳಗಿನ ಗಲೀಜಽ ಅದನ್ನ ಹಿಡದಿರ್ತೈತಿ.” ಕಾಕಾಗೆ ಜಾತ್ರೆಯಲ್ಲಿ ಕಳೆದುಹೋದ ತಮ್ಮ ಸಿಕ್ಕಷ್ಟು ಸಂತೋಷ! ಆ ಸಂತೋಷ ಊರು ದಾಟುವವರೆಗೆ ಇತ್ತು. ದಾಟಿದ ಮೇಲೆ ಹೊಸ ಚಿಂತೆ ಹತ್ತಿತು. ಗಲೀಜು ಹಿಡಿದಿದೆ, ಸರಿ. ಎಲ್ಲಿಯ ತನಕ ಹಿಡಿದೀತು?

ಆಗ ಕಾರಿನ ಜೊತೆ ಬಂದಿದ್ದ ಕಂಪನಿಯ ಪುಸ್ತಕ ಹೊರಬಂತು. ಅದು ಇಂಗ್ಲಿಷಿನಲ್ಲಿ, ಓದಿ ಹೇಳುವ ಕೆಲಸ ನನ್ನದು. ಕಠಿಣ ಪರಿಸ್ಥಿತಿಯಲ್ಲಿ ಓಡುವ ಗಾಡಿಗೆ ಆಯಿಲನ್ನು ಬೇಗ ಬದಲಿಸಬೇಕು ಎಂದಿತ್ತು. ಯಾವುದು ಕಠಿಣ? ಧೂಳು, ಸುಡುಬಿಸಿಲು, ನಿಂತು ನಿಂತು ಸಾಗುವುದು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಊರಿಗೇ ಕೇಳುವಂತೆ ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ನೀವು ಯಾವತ್ತಾದರೂ ಮೂಡಲಗಿ ರಸ್ತೆಯಲ್ಲಿ ತೆವಳಿದ್ದೀರಾ? ಕಾಕಾ ಗಂಭೀರವಾಗಿ ಅಂದರು: “ಇದನ್ನ ಬರದಾಂವ ನಮ್ಮ ಕಡೆ ಬಂದು ಹೋಗ್ಯಾನ.”

ಮುಂದಿನ ಯಾತ್ರೆ ಹುಕ್ಕೇರಿಗೆ, ಕಾರು ಮಾರಿದ ವಕೀಲರ ಮನೆಗೆ. ಅವರ ಕಾಲದಲ್ಲಿ ಆಯಿಲ್ ಬದಲಿಸಿತ್ತೇ? ವಕೀಲರು ಮೊದಲು ಬದಲಿಸಿದ್ದೆ ಎಂದರು. ಆಮೇಲೆ ಅದು ಎಂಜಿನ್ ಆಯಿಲ್ ಇರಬೇಕು ಎಂದರು. ಒಳಗಿನಿಂದ ಅವರ ಮನೆಯವರು, ಅದು ಈ ಕಾರೇ ಅಲ್ಲ, ಹಳೆಯ ಜೀಪು ಎಂದು ಕೂಗಿ ಹೇಳಿದರು. ಕೊನೆಗೆ ವಕೀಲರು ಕಾಯಿದೆಗೆ ಬಂದರು: “ಅದು ಜೀವಮಾನದ ಆಯಿಲ್ ಅಂತ ಕಂಪನ್ಯಾವ್ರಽ ಹೇಳ್ಯಾರ್ರಿ. ಬದಲ್ಸೂದಽ ಬ್ಯಾಡ.”

“ಯಾರ ಜೀವಮಾನರಿ?” ಕಾಕಾ ಕೇಳಿದರು. “ಗಾಡೀದೋ, ಆಯಿಲ್‌ದೋ, ನಂದೋ?”

ವಕೀಲರು ಮುಂದಿನ ತಾರೀಖು ಕೇಳುವವರಂತೆ ಮುಖ ಮಾಡಿ, ಚಹಾ ತರಿಸಿದರು.

ಕರದಂಟಿನ ಅಂಗಡಿಯ ಗೆಳೆಯರೊಬ್ಬರು ತುಪ್ಪದ ಅನುಭವದ ಮೇಲೆ ತೀರ್ಪು ಕೊಟ್ಟರು. ಕಮಟು ಹೊಡೆಯುವ ತನಕ ಚೆಲ್ಲಬೇಡ! ಅಂದಿನಿಂದ ವಾಸನಾಪರೀಕ್ಷೆ ಶುರುವಾಯಿತು. ರವಿವಾರ ಮುಂಜಾನೆ ಕಾಕು ಎಂಜಿನ್ ಚಾಲೂ ಮಾಡಿ ಕೂಡಬೇಕು. ಕಾಕಾ ಬಾನೆಟ್ ಎತ್ತಿ, ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆದು, ಬಿಳಿ ಕರವಸ್ತ್ರಕ್ಕೆ ಒರೆಸಿ ಮೂಸುವರು. ನಾನು ಮೂಸಬೇಕು. ಹಾಲು ಹಾಕಲು ಬಂದ ಅಜ್ಜಿಯೂ ಮೂಸಬೇಕು. ಅಜ್ಜಿ, ನಮ್ಮ ಎಮ್ಮೆಯ ಹಾಲನ್ನೇ ನೀವು ಇಷ್ಟು ಪರೀಕ್ಷೆ ಮಾಡಲಿಲ್ಲ, ಪುಣ್ಯ ಎಂದು ಹೋದರು. ಹೊಸದಿದ್ದಾಗ ಈ ಆಯಿಲ್ ದಾಳಿಂಬೆ ರಸದಂತೆ ಕೆಂಪು. ನಮ್ಮದು ಕರದಂಟಿನ ಬಣ್ಣಕ್ಕೆ ಬಂದಿತ್ತು. ಪ್ರತಿ ವಾರದ ಕಲೆಯನ್ನು ಹೋಲಿಸಿ ನೋಡಲೆಂದು ಕಾಕಾ ಆ ಕರವಸ್ತ್ರಗಳನ್ನೆಲ್ಲ ಹಗ್ಗದ ಮೇಲೆ ಸಾಲಾಗಿ ಹಾಕಿದ್ದರು.

“ಮಂದಿ ಅರಿವಿ ಒಣಾ ಹಾಕ್ತಾರ,” ಕಾಕು ನನಗೆ ಹೇಳಿದರು. “ನಮ್ಮನ್ಯಾಗ ಗೇರ್ ಒಣಾ ಹಾಕೇವಿ ನೋಡ್ ತಮ್ಮಾ.”

ನಾವೆಲ್ಲ ನಗುತ್ತಿದ್ದೆವು. ಕಾಕಾ ನಗುತ್ತಿರಲಿಲ್ಲ. ಇದನ್ನು ನಾನು ಆಗಲೇ ಗಮನಿಸಿದ್ದೆನೋ, ಮುಂದೆ ನಡೆದದ್ದು ಗೊತ್ತಿರುವುದರಿಂದ ಈಗ ಹಾಗೆ ಅನ್ನಿಸುತ್ತಿದೆಯೋ, ಹೇಳಲಾರೆ.

ಕಡೆಗೆ ಒಂದು ಮುಂಜಾನೆ, ತುಕ್ಕಾನಟ್ಟಿಯ ಅಂಗನವಾಡಿ ಮುಂದೆ, ಕಾರು ತಾನೇ ಬಾಯಿ ಬಿಟ್ಟಿತು. ಈ ಸಲ ನಾನು ಎಚ್ಚರವಾಗಿದ್ದೆ. ಕಾಕು ಹೊರಡಲೆಂದು ಗೇರು ಹಾಕಿ ಬ್ರೇಕು ಬಿಟ್ಟರು. ಕಾರು ಕದಲಲಿಲ್ಲ. ಮರೆತ ಹೆಸರನ್ನು ನೆನಪಿಸಿಕೊಳ್ಳುವವರಂತೆ ಸುಮ್ಮನೆ ನಿಂತಿತ್ತು. ಆಮೇಲೆ ಒಮ್ಮೆಲೆ ಧಕ್ಕನೆ ಜಿಗಿಯಿತು. ಯಾರೂ ಹಂಪ್ ಎನ್ನಲಿಲ್ಲ. ಅಲ್ಲಿ ಹಂಪ್ ಇರಲಿಲ್ಲ. ಗೋಕಾಕ ಬರುವವರೆಗೆ ಕಾಕಾ ಗೇರು ಮುಟ್ಟಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದರು.

ನೇರ ಗ್ಯಾರೇಜಿಗೇ ಹೋದೆವು. ಮೆಕ್ಯಾನಿಕ್ ಭರವಸೆಯನ್ನೇನೂ ಕೊಡಲಿಲ್ಲ. ಆಯಿಲ್ ಬದಲಿಸಿದರೆ ಸರಿಹೋಗಬಹುದು, ಹೋಗದೆಯೂ ಇರಬಹುದು. ಹೀಗೇ ಬಿಟ್ಟರೆ ಮಾತ್ರ ಕೆಡುವುದು ಖಂಡಿತ ಎಂದ. ಕಾರನ್ನು ಮೇಲೆತ್ತಿ, ಬೋಲ್ಟ್ ಬಿಚ್ಚುವ ಪಾನಾ ಹಿಡಿದು ಅದರ ಕೆಳಗೆ ಹೋದ.

ಕಾಕಾ ತಡಿ ಎಂದರು. ಎಲ್ಲ ಬೇಡ, ಅರ್ಧ ಬದಲಿಸಿದರೆ ಹೇಗೆ? ಬೋಲ್ಟ್ ಬಿಚ್ಚಿದರೆ ಹೇಗೂ ಅರ್ಧದಷ್ಟೇ ಬರುವುದು, ಉಳಿದದ್ದು ಒಳಗೇ ಇರುತ್ತದೆ ಎಂದ ಮೆಕ್ಯಾನಿಕ್. ಕಾಕಾಗೆ ಸಮಾಧಾನವಾಯಿತು. ಪಾನಾ ಬೋಲ್ಟಿಗೆ ತಾಗಿತು. ಮತ್ತೆ ತಡಿ! ಮೆಕ್ಯಾನಿಕ್ ಕೈ ಒರೆಸಿಕೊಂಡು, ನಿಮ್ಮದು ನಿರ್ಧಾರವಾದ ಮೇಲೆ ಕರೆಯಿರಿ ಎಂದು ಚಹಾಕ್ಕೆ ಹೋದ.

ಕಾಕು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. “ಇಷ್ಟ್ಯಾಕ ಅಂಜತೀರಿ?” ಅಂದರು.

ಕಾಕಾ ಕಾರಿನ ಹೊಟ್ಟೆಯನ್ನೇ ನೋಡುತ್ತಿದ್ದರು. “ನಡಿಯೂದನ್ನ ಒಮ್ಮೆ ಬಿಚ್ಚಿಸೀನಿ. ಸಾಕಾಗೈತಿ.”

ಯಾವ ಗಡಿಯಾರ ಎಂದು ನಾನು ಕೇಳಲು ಹೋಗಿ, ಕಾಕುವಿನ ಮುಖ ನೋಡಿ ಸುಮ್ಮನಾದೆ.

“ಆಪರೇಷನ್ ಮಾಡಸ್ಕೋ ಅಂತ ಬೆನ್ನ ಹತ್ತಿದಾಂವ ನಾನು,” ಕಾಕಾ ಅಂದರು. “ನೀ ಒಲ್ಲೆ ಅಂದಿದ್ದಿ. ದವಾಖಾನಿಗೆ ನಡಕೊಂತ ಬಂದಿದ್ದಿ.”

“ಒಲ್ಲೆ ಅಂದಾವ್ರು ನೀವು. ಇನ್ನೊಬ್ಬ ಡಾಕ್ಟರನ್ನ ಕೇಳೂಣು, ತಡಿ ಅಂದ್ರಿ. ನಾನಽ ಕೇಳಲಿಲ್ಲ.”

“ನೀನೂ ಇದ್ದೆಲ್ಲ ತಮ್ಮಾ ಅವತ್ತ. ಹೇಳು,” ಕಾಕಾ ನನ್ನನ್ನು ಕೇಳಿದರು.

ಮತ್ತೆ ನಾನೇ ಸಾಕ್ಷಿ! ದವಾಖಾನೆಯ ಹೊರಗಿನ ಬೆಂಚು ನೆನಪಿತ್ತು. ಇಬ್ಬರ ದನಿ ನೆನಪಿತ್ತು. ಆದರೆ ಯಾವ ದನಿ ಬೇಕು ಅಂದಿತ್ತು, ಯಾವುದು ಬೇಡ ಅಂದಿತ್ತು? ಕಾಕಾ ಹೇಳುವಾಗ ಅವರು ಹೇಳಿದಂತೆಯೇ ಕಂಡಿತು. ಕಾಕು ಹೇಳುವಾಗ ಅವರು ಹೇಳಿದಂತೆ. ಕಾಕು ಅಂದದ್ದೇ ನಿಜ ಎಂದು ಒಂದು ಸುಳ್ಳು ಹೇಳಿದರೆ ಕಾಕಾ ಹಗುರಾಗುತ್ತಿದ್ದರು. ಆದರೆ ಅದು ಸುಳ್ಳೇ ಎನ್ನಲಾದರೂ ನನಗೆ ನಿಜ ಗೊತ್ತಿರಬೇಕಲ್ಲ? ನನಗೆ ನೆನಪಿಲ್ಲ ಅಂದೆ.

“ಬಡೀಲಾರದ ಹಣಿ ಇವಗ ನೆನಪಿರ್ತೈತಿ. ಇದು ಇರೂದಿಲ್ಲ,” ಎಂದ ಕಾಕು, ಕಾಕಾನ ಕಡೆ ತಿರುಗಿದರು. ದನಿ ಏರಿಸಲಿಲ್ಲ. “ನನ್ನ ನಡಾ ನಿಮ್ಮ ಟೇಬಲ್ ಮ್ಯಾಲಿನ ಗಡಿಯಾರ ಅಲ್ರಿ, ನೀವು ಬಿಚ್ಚಸಾಕ. ಆ ನೋವಿನಾಗ ರಾತ್ರಿ ನಿದ್ದಿ ಇದ್ದಿಲ್ಲ ನನಗ. ನಡೀತೈತಿ ಅಂತ ನಿಮಗ ಕಾಣತಿತ್ತು, ಅಷ್ಟಽ.”

ಕಾಕಾ ರಸ್ತೆಯಾಚೆ ಚಹಾ ಕುಡಿಯುತ್ತಿದ್ದ ಮೆಕ್ಯಾನಿಕ್‌ನನ್ನು ಕೈ ಮಾಡಿ ಕರೆದರು. “ಬಿಚ್ಚಪಾ,” ಅಂದರು.

ಆಯಿಲ್ ಕರ್ರಗೆ ಇಳಿಯಿತು. ಕಾಕಾ ಅಭ್ಯಾಸಬಲದಿಂದ ಕರವಸ್ತ್ರ ಒಡ್ಡಿ, ಮೂಸುವುದನ್ನು ಮರೆತು, ಅದರಿಂದಲೇ ಮುಖ ಒರೆಸಿಕೊಂಡರು. ಮೂಗಿನ ಮೇಲೊಂದು ಕರಿ ಪಟ್ಟೆ ಮೂಡಿತು. ಯಾರೂ ನಗಲಿಲ್ಲ. ಹೊಸ ಆಯಿಲ್ ದಾಳಿಂಬೆಯ ರಸದಂತೆ ಒಳಗೆ ಹೋಯಿತು. ಕಾರನ್ನು ಕೆಳಗಿಳಿಸಿ, ಮೂವರೂ ನಮ್ಮ ನಮ್ಮ ಜಾಗದಲ್ಲಿ ಕೂತೆವು. ಕಾಕು ಎಂಜಿನ್ ಚಾಲೂ ಮಾಡಿ ಗೇರು ಹಾಕಿದರು.

ಆ ಕಾರು ಇವತ್ತಿಗೂ ಮೂಡಲಗಿ ದಾರಿ ಹಿಡಿಯುತ್ತದೆ, ನಿಜ. ಆದರೆ ಆ ಗಳಿಗೆಯಲ್ಲಿ ಅದು ಕೂಡಲೇ ಕದಲಿತೋ, ಮತ್ತೆ ಅರೆಕ್ಷಣ ತಡೆಯಿತೋ ಎಂದು ನನ್ನನ್ನು ಕೇಳಬೇಡಿ. ನಾನು ಅದನ್ನು ನೋಡುತ್ತಿರಲಿಲ್ಲ. ಕಾಕಾನ ಬಲಗೈ ಎಂದಿನಂತೆ ಗೇರಿನ ಕಡೆಗೆ ಹೋಯಿತು. ಅಲ್ಲಿ ನಿಲ್ಲದೆ, ಅದನ್ನು ದಾಟಿ, ಕೆಲಸವಿಲ್ಲದೆ ಮಡಚಿಕೊಂಡು ಕೂತಿದ್ದ ಕಾಕುವಿನ ಎಡಮೊಣಕಾಲಿನ ಮೇಲೆ ಮೆಲ್ಲಗೆ ಕೂತಿತು. ಬೆರಳ ತುದಿ ಹಚ್ಚಿ ಅವರು ಕಣ್ಣು ಮುಚ್ಚಿದರು.

ಕೈ ತೆಗೀರಿ ಎಂದು ಕಾಕು ಅನ್ನಲಿಲ್ಲ. ಇಷ್ಟು ಮಾತ್ರ ನನಗೆ ಚೆನ್ನಾಗಿ ನೆನಪಿದೆ.