ಮೀನಿನ ಪೆಟ್ಟಿಗೆಯ ಕಾವು

ಬೆಳಿಗ್ಗೆಯಿಂದ ಮಾಡಿದ್ದು: ಅಂಗಳ ಗುಡಿಸಿದೆ, ಅಕ್ಕಿ ನೆನೆಸಿದೆ, ಅತ್ತೆಯ ಕಣ್ಣಿಗೆ ಔಷಧಿ ಬಿಟ್ಟೆ, ಒರಳಿನಲ್ಲಿ ಚಟ್ನಿ ರುಬ್ಬಿದೆ. ಮಿಕ್ಸಿ ಕೆಟ್ಟಿಲ್ಲ. ಮಿಕ್ಸಿ ತಿರುಗಿದರೆ ಭಾವನವರ ಪೆಟ್ಟಿಗೆಯ ಬಲ್ಬು ಮಂಕಾಗುತ್ತದೆ. ಇಪ್ಪತ್ತೊಂದು ದಿನದಿಂದ ಅದಕ್ಕೆ ಬಹಿಷ್ಕಾರ!

ನಮ್ಮ ಭಾವನವರಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ಮೊಟ್ಟೆಯ ಮೇಲಿರುವ ನಂಬಿಕೆ ಕೋಳಿಯ ಮೇಲಿಲ್ಲ. ಕಾವಿಗೆ ಕೂತ ಕೋಳಿ ದಿನಕ್ಕೊಮ್ಮೆ ಎದ್ದು ಮೇಯಲು ಹೋಗುತ್ತದಂತೆ. ಕೆಲಸದ ಹೊತ್ತಿನಲ್ಲಿ ಕುರ್ಚಿ ಬಿಟ್ಟು ಹೋಗುವವರನ್ನು ನಂಬಲಿಕ್ಕುಂಟೇ? ಅದಕ್ಕೇ ಕುಮಟೆಯ ಬಂದರಿನಿಂದ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆ ತಂದು, ಬಲ್ಬು, ಥರ್ಮಾಮೀಟರು, ಒಂದು ಬಟ್ಟಲು ನೀರು ಇಟ್ಟು ತಾವೇ ಇನ್‌ಕ್ಯುಬೇಟರ್ ಕಟ್ಟಿದರು. ಎಷ್ಟು ತೊಳೆದರೂ ಬಂಗಡೆಯ ವಾಸನೆ ಹೋಗಲಿಲ್ಲ. ಬೆಕ್ಕು ಮೂರು ವಾರ ಅದರ ಮುಂದೆ ಭಕ್ತಿಯಿಂದ ಕೂತಿತು.

ಒಳಗಿದ್ದದ್ದು ಅತ್ತೆಯ ಬೋಳುಕುತ್ತಿಗೆ ಹೇಂಟೆಯ ಒಂಬತ್ತು ಮೊಟ್ಟೆ. ಕಣ್ಣು ಮಂಜಾದ ಅತ್ತೆಯ ಅಂಗೈಯಿಂದಲೇ ಕಾಳು ತಿನ್ನುತ್ತಿದ್ದ ಆ ಕೋಳಿ, ಕಾವಿಗೆ ಕೂತ ದಿನವೇ ಮುಂಗುಸಿಯ ಪಾಲಾಯಿತು. ಭಾವನವರು ಅತ್ತೆಗೆ ಹೇಳಲಿಲ್ಲ. "ಕೂತದ್ಯಾ ಮಗಾ?" ಎಂದು ಅವರು ದಿನಾ ಕೇಳುವುದು, "ಕೂತದೆ ಅವ್ವಿ" ಎಂದು ಇವರು ಹೇಳುವುದು. ಮೊದಲು ಮರಿ ಕೈಗಿಟ್ಟು, ಆಮೇಲೆ ನಿಜ ಹೇಳುವುದೆಂದು ಇವರ ಯೋಚನೆ. ಮರಿಯೇ ಆಗದಿದ್ದರೆ? ಕೇಳುವ ಧೈರ್ಯ ನನಗಿರಲಿಲ್ಲ.

ಇವತ್ತು ಬೆಳಿಗ್ಗೆ ಒಂದು ಮೊಟ್ಟೆಯಲ್ಲಿ ಬಿರುಕು, ಒಳಗೆ ಚಿಂವ್ ಎಂಬ ಸದ್ದು. ಹತ್ತು ಗಂಟೆಗೆ ಕರೆಂಟು ಹೋಯಿತು! ಲೈನಿಗೆ ತಾಗಿದ ಕೊಂಬೆ ಕಡಿಯುತ್ತಿದ್ದಾರೆ, ಸಂಜೆಯವರೆಗೆ ಇಲ್ಲ ಎಂದು ಸುದ್ದಿ ಬಂತು. ಬಿಸಿನೀರಿನ ಬಾಟಲಿ ಇಟ್ಟೆವು, ಕಂಬಳಿ ಹೊದಿಸಿದೆವು. ಥರ್ಮಾಮೀಟರು ಇಳಿಯುತ್ತಲೇ ಹೋಯಿತು.

ಪಕ್ಕದ ಮನೆಯ ನಾಗಮ್ಮನ ಕೋಳಿ ವಾರದಿಂದ ಖಾಲಿ ಬುಟ್ಟಿಯಲ್ಲೇ ಕಾವಿಗೆ ಕೂತಿತ್ತು. ಬೇಕಾದರೆ ಒಯ್ಯಿರಿ ಎಂದು ಅವಳು ಹೇಳಿದಾಗ ಭಾವನವರು ಅದರ ನಡತೆಯ ಬಗ್ಗೆ ದೊಡ್ಡ ಭಾಷಣವನ್ನೇ ಮಾಡಿದ್ದರು. ಈಗ ಅತ್ತೆಯ ಹಳೆ ಸೀರೆಯಲ್ಲಿ ಮೊಟ್ಟೆ ಸುತ್ತಿ ಎದೆಗವಚಿಕೊಂಡು ಅವಳ ಬಾಗಿಲಿಗೆ ಹೋದರು.

"ಎಂತ ಅಣ್ಣಾ? ನಮ್ಮ ಕೋಳಿ ಊಟಕ್ಕೆ ಎದ್ದು ಹೋಗ್ತದಲ್ಲ?"

"ಹೋಗ್ಲಿ. ನಾ ಕೂರ್ತೆ."

ಒಂಬತ್ತು ಮೊಟ್ಟೆ ಕೋಳಿಯ ಕೆಳಗೆ ಸರಿಸುವಷ್ಟರಲ್ಲಿ ಹನ್ನೊಂದು ಸಲ ಕುಟುಕಿಸಿಕೊಂಡರು. ಆಮೇಲೆ ಬುಟ್ಟಿಯ ಪಕ್ಕ ಕೂತವರು ಎದ್ದರೇ? ಊಟಕ್ಕೆ ಎರಡು ಸಲ ಕರೆದೆ, ಕೈಸನ್ನೆಯಲ್ಲೇ ಕಳಿಸಿದರು. ನಾಲ್ಕು ಗಂಟೆಗೆ ಕರೆಂಟು ಬಂತು. ಪೆಟ್ಟಿಗೆಯಲ್ಲಿ ಬಲ್ಬು ಹತ್ತಿತು. ಬಲ್ಬಿನ ಕೆಳಗೆ ಬೆಕ್ಕು ಮಲಗಿತ್ತು.

ದೀಪ ಹಚ್ಚುವ ಹೊತ್ತಿಗೆ ನಾಲ್ಕು ಮರಿ. ಉಳಿದ ಐದರಲ್ಲಿ ಸದ್ದಿಲ್ಲ. ಮೈ ಒಣಗಿದ ಒಂದು ಮರಿಯನ್ನು ತಂದು ಭಾವನವರು ಅತ್ತೆಯ ಅಂಗೈಗಿಟ್ಟರು. ಅತ್ತೆಯ ಬೆರಳು ಮರಿಯ ಬೆನ್ನು ಸವರಿ, ಕುತ್ತಿಗೆಗೆ ಬಂದು ನಿಂತಿತು. ಅಲ್ಲಿ ತುಪ್ಪಳವಿರಲಿಲ್ಲ.

"ಕಾವಿಗೆ ಕೂತದ್ದೂ ಕಾಳಿಗೆ ಏಳ್ತದೆ, ಅದು ನನ್ನ ಕೈಗೆ ಬರ್ಲೇ ಇಲ್ಲ. ತಾಯಿ ಹೋಗಿ ಎಷ್ಟು ದಿನ ಆತು ಮಗಾ?"

ಭಾವನವರು ಗೋಡೆ ನೋಡಿದರು. "ಇಪ್ಪತ್ತೊಂದು, ಅವ್ವಿ."

ಅತ್ತೆ ಮರಿಯನ್ನು ಮಗನ ಕೈಗಿಟ್ಟು, ಕುಟುಕಿನ ಗಾಯವಾದ ಆ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದರು.

ರಾತ್ರಿಗೆ ಗಂಜಿ, ಶೆಟ್ಲಿ ಎಂಬ ಒಣ ಸಿಗಡಿಯ ಚಟ್ನಿ, ಮಿಕ್ಸಿಯಲ್ಲೇ ಮಾಡಿದ್ದು. ಮರಿಯನ್ನು ನಾಗಮ್ಮನ ಕೋಳಿಯ ಕೆಳಗೆ ಬಿಟ್ಟು ಬಂದ ಭಾವನವರು ಉಂಡವರೇ ಗೋಡೆಗೊರಗಿ ಎಲ್ಲರಿಗಿಂತ ಮೊದಲು ನಿದ್ದೆಹೋದರು, ಖಾಲಿ ಕೈಯನ್ನು ಮುಚ್ಚಿಕೊಂಡೇ. ಚಾಪೆ ಹಾಸಿ ಎಬ್ಬಿಸಹೋದೆ.

"ಬ್ಯಾಡ," ಎಂದರು ಅತ್ತೆ ಗೊರಕೆ ಕೇಳುತ್ತಾ. "ಕಾವಿಗೆ ಕೂತಾನೆ."