ಎಡಗಡೆಯ ಎರಡನೆಯ ಸೀಟು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರಿನ ಮೇಲುಮನೆ ಅಜ್ಜಿ. ಬಸ್ಸಿನಲ್ಲಿ ಎಡಗಡೆಯ ಎರಡನೆಯ ಸೀಟಿನಲ್ಲಿ ಕೂತು, ಊರುಗೋಲನ್ನು ಕಾಲಿನ ನಡುವೆ ನಿಲ್ಲಿಸಿಕೊಂಡು ಹೇಳಿದರು. ಕತೆ ನಡೆದ ದಿನ ನಾನೂ ಅದೇ ಬಸ್ಸಿನಲ್ಲಿದ್ದೆ. ಆದರೆ ಯಾರದೋ ಕಂಕುಳಿನ ಕೆಳಗೆ ತಲೆ ಸಿಕ್ಕಿಕೊಂಡಿದ್ದರಿಂದ ಹೊರಗೆ ಆದದ್ದು ನನಗೆ ಕಾಣಲಿಲ್ಲ.

ನಮ್ಮೂರಿಗೆ ಇರುವುದು ಒಂದೇ ಬಸ್ಸು. ಬೆಳಿಗ್ಗೆ ಏಳಕ್ಕೆ ಹೊರಟು ಶ್ರೀಮಂಗಲದ ಮೇಲೆ ಪೊನ್ನಂಪೇಟೆಗೆ ಹೋಗುತ್ತದೆ, ಸಂಜೆಯೊಳಗೆ ಮರಳಿ ಬರುತ್ತದೆ. ಅದು ತಪ್ಪಿದರೆ ಶ್ರೀಮಂಗಲದವರೆಗೆ ಆರು ಮೈಲಿ ನಡಿಗೆ, ಅದೂ ಆನೆ ಓಡಾಡುವ ದಾರಿಯಲ್ಲಿ. ಇಷ್ಟು ವರ್ಷ ಆ ಬಸ್ಸಿನಲ್ಲಿ ಓಡಾಡಿದವನಾಗಿ ಹೇಳುತ್ತೇನೆ, ಅದರಲ್ಲಿ ಏನೂ ನಡೆಯದೆ ಪೊನ್ನಂಪೇಟೆ ತಲುಪಿದ ದಿನ ನನಗಂತೂ ನೆನಪಿಲ್ಲ.

ಪೊಟ್ಟಣ

ನಮ್ಮ ಕಡೆ ಬಸ್ಸು ಇರುವುದು ಜನರಿಗೆ ಮಾತ್ರ ಅಲ್ಲ. ಮದ್ದು, ಮದುವೆ ಕಾಗದ, ಮರೆತುಹೋದ ಕನ್ನಡಕ, ಎಲ್ಲವೂ ಕಂಡಕ್ಟರ್ ಕೈಯಲ್ಲಿ ಹೋಗುತ್ತದೆ. "ಇದನ್ನು ಅಲ್ಲಿ ಕೊಟ್ಟುಬಿಡು ಮಾರಾಯ" ಎಂದರೆ ಮುಗಿಯಿತು. ಕಂಡಕ್ಟರ್ ನಮ್ಮೂರಿನವನೇ. ಅವನು ಇಲ್ಲ ಎಂದವನಲ್ಲ.

ಪೊನ್ನಂಪೇಟೆಯಲ್ಲಿ ನನ್ನ ತಂಗಿಯ ಮನೆ. ಒಂದು ದಿನ ನನ್ನ ಹೆಂಡತಿ ಮನೆಯಲ್ಲೇ ಹುರಿದು ಪುಡಿ ಮಾಡಿದ ಕಾಫಿಪುಡಿಯನ್ನು ಕಾಗದದಲ್ಲಿ ಕಟ್ಟಿ ಅವಳಿಗೆ ಕಳಿಸಿದಳು. ಅದೇ ದಿನ ನಮ್ಮ ಪಕ್ಕದ ತೋಟದ ಲೆಕ್ಕ ಬರೆಯುವ ರೈಟರು ಅಲ್ಲಿಯ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಅದೇ ಅಳತೆಯ ಪೊಟ್ಟಣ ಕಟ್ಟಿ ಮಣ್ಣು ಪರೀಕ್ಷೆಗೆ ಕಳಿಸಿದರು. ಎರಡೂ ಪೊಟ್ಟಣ ಒಂದೇ ಅಂಗಡಿಯ ಹಳೇ ಪೇಪರಿನವು.

ಮೂರು ದಿನ ಬಿಟ್ಟು ತಂಗಿ ಫೋನ್ ಮಾಡಿದಳು. ಅವಳು ಬಹಳ ಮರ್ಯಾದೆಯ ಹೆಂಗಸು. ಊಟ ಚೆನ್ನಾಗಿಲ್ಲ ಎಂದು ಹುಟ್ಟಿದ ಮೇಲೆ ಯಾರಿಗೂ ಹೇಳಿದವಳಲ್ಲ.

"ಅತ್ತಿಗೆ, ಕಾಫಿಪುಡಿ ಬಂತು. ಚೆನ್ನಾಗುಂಟು. ಈ ಸಲ ಸ್ವಲ್ಪ ಬೇಗ ತಳಕ್ಕೆ ಇಳೀತದೆ, ಅಷ್ಟೇ."

"ಕುಡಿದಿರಾ?"

"ಕುಡಿದೆವು. ಇವರು ಎರಡನೇ ಲೋಟ ಬೇಡ ಅಂದ್ರು. ಹೊಟ್ಟೆ ತುಂಬಿತಂತೆ."

ವಿಷಯ ತಿಳಿದು ನನ್ನ ಹೆಂಡತಿ ಎರಡು ದಿನ ತಲೆ ಎತ್ತಲಿಲ್ಲ. ನಾನು ಹೋಗಿ ರೈಟರಿಗೆ ತಪ್ಪಾಯಿತು ಎಂದೆ. ರೈಟರು ಸಮಾಧಾನವಾಗಿಯೇ ಇದ್ದರು.

"ನೀವು ಚಿಂತೆ ಮಾಡಬೇಡಿ. ಪರೀಕ್ಷೆಯವರು ಮೊನ್ನೆಯೇ ಹೇಳಿ ಕಳಿಸಿದ್ದಾರೆ. ಮಣ್ಣು ಬಹಳ ಚೆನ್ನಾಗಿದೆಯಂತೆ. ಇನ್ನೊಂದು ಅರ್ಧ ಕೆಜಿ ಕಳಿಸಬೇಕಂತೆ."

ಕಿತ್ತಳೆ

ಅಜ್ಜಿಯ ಮನೆ ದೇವರಕಾಡಿನ ಪಕ್ಕ, ಬಸ್ಸಿನ ಮೂರನೆಯ ನಿಲುಗಡೆ. ಅಲ್ಲಿ ಕಾಡಿನೊಳಗೆ ಅಯ್ಯಪ್ಪ ಇದ್ದಾನೆ. ನಮ್ಮವರು ಅವನಿಗೆ ಮಣ್ಣಿನ ನಾಯಿ ಮಾಡಿಸಿ ಹರಕೆ ಒಪ್ಪಿಸುವುದು ವಾಡಿಕೆ. ಆ ತಿರುವು ಬಂದಾಗ ಡ್ರೈವರ್ ಒಂದು ಕೈ ಎತ್ತಿ ನಮಸ್ಕಾರ ಮಾಡುತ್ತಾನೆ, ನಾವು ಎರಡೂ ಕೈ ಎತ್ತುತ್ತೇವೆ.

ಅಜ್ಜಿ ಪ್ರತಿ ಮಂಗಳವಾರ ಪೊನ್ನಂಪೇಟೆಗೆ ಹೋಗುವುದು ತಮ್ಮ ಅಕ್ಕನನ್ನು ನೋಡಲು. ಅಕ್ಕ ಹಾಸಿಗೆ ಹಿಡಿದು ಬಹಳ ಕಾಲವಾಯಿತು. ಚಿಕ್ಕಂದಿನಲ್ಲಿ ಕರುವಿನ ಹಗ್ಗ ಬಿಚ್ಚಿ ಗದ್ದೆಗೆ ಬಿಟ್ಟದ್ದು ಯಾರು ಎಂಬ ವಿಚಾರದಲ್ಲಿ ಇಬ್ಬರಿಗೂ ಇನ್ನೂ ಇತ್ಯರ್ಥವಾಗಿಲ್ಲ. ಅಜ್ಜಿ ಪ್ರತಿ ವಾರ ಹೋಗಿ ಆ ಜಗಳವನ್ನು ಬಿಟ್ಟಲ್ಲಿಂದ ಮುಂದುವರಿಸಿ ಬರುತ್ತಾರೆ. ಅಕ್ಕ ಸೋಮವಾರ ರಾತ್ರಿಯಿಂದಲೇ ಗೆಲುವಾಗುತ್ತಾರಂತೆ.

ಹೆಂಗಸರಿಗೆ ಬಸ್ಸು ಉಚಿತವಾದ ಮೊದಲ ಮಂಗಳವಾರ ಕಂಡಕ್ಟರ್ ಅಜ್ಜಿಯ ಮುಂದೆ ನಿಂತು ತಲೆ ಕೆರೆದುಕೊಂಡ.

"ಅಜ್ಜಿ, ನಿಮ್ಮ ಕಾರ್ಡ್ ತೋರಿಸಬೇಕು."

"ಎಂತಕ್ಕೆ?"

"ನೀವು ಯಾರು ಅಂತ ಗೊತ್ತಾಗಲಿಕ್ಕೆ."

ಅಜ್ಜಿ ಅವನನ್ನೇ ನೋಡಿದರು. "ನೀನು ಹುಟ್ಟಿದಾಗ ಎಣ್ಣೆ ಹಚ್ಚಿ ಮೀಯಿಸಿದ್ದು ನಾನು. ನೀನು ಯಾರು ಅಂತ ನಿನ್ನ ಅಮ್ಮನಿಗಿಂತ ಮೊದಲು ನೋಡಿದವಳು ನಾನು. ಮೊದಲು ನಿನ್ನ ಕಾರ್ಡ್ ತೋರಿಸು."

ಅವನು ನಿಜವಾಗಿಯೂ ಕೊರಳಲ್ಲಿದ್ದ ಕಾರ್ಡ್ ತೋರಿಸಿದ. ಅಜ್ಜಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಫೋಟೋದಲ್ಲಿ ಒಳ್ಳೆಯವನ ಹಾಗೆ ಕಾಣ್ತೀಯ" ಎಂದು ಮರಳಿಸಿದರು. ಆಮೇಲೆ ತಮ್ಮದನ್ನೂ ತೋರಿಸಿದರು.

ಆದರೆ ಸುಮ್ಮನೆ ಹೋಗಿಬರುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಮುಂದಿನ ವಾರದಿಂದ ಹಿತ್ತಲಿನ ಒಂದು ಕಿತ್ತಳೆಯನ್ನು ಕಂಡಕ್ಟರ್ ಕೈಗೆ ಇಡತೊಡಗಿದರು. ಒಮ್ಮೆ ಸೀಟು ಸಿಗದೆ ಶ್ರೀಮಂಗಲದವರೆಗೆ ನಿಂತು ಬಂದರು. ಇಳಿಯುವಾಗ ಕೈ ಚಾಚಿದರು.

"ಎಂತ ಅಜ್ಜಿ?"

"ಅರ್ಧ ವಾಪಸು ಕೊಡು."

ಅಂದಿನಿಂದ ಎಡಗಡೆಯ ಎರಡನೆಯ ಸೀಟಿನಲ್ಲಿ ಮಂಗಳವಾರ ಯಾರೂ ಕೂರುವುದಿಲ್ಲ.

ಸಮಯಕ್ಕೆ ಸರಿಯಾಗಿ

ನಮ್ಮ ಡ್ರೈವರಿಗೆ ಯಾರ ಮನೆಯ ಮುಂದೆ ಎಷ್ಟು ಹೊತ್ತು ನಿಲ್ಲಿಸಬೇಕು ಎಂದು ಗೊತ್ತು. ಏಳು ಗಂಟೆ ಎನ್ನುವುದು ಬೋರ್ಡಿನ ಮೇಲೆ. ಹೊರಡುವುದು ಏಳೂಕಾಲಿಗೆ. ಮೊದಲ ಹಾರ್ನಿಗೆ ನಾವು ಕಾಫಿ ಮುಗಿಸುತ್ತೇವೆ, ಎರಡನೆಯದಕ್ಕೆ ಚಪ್ಪಲಿ ಹಾಕುತ್ತೇವೆ, ಮೂರನೆಯದಕ್ಕೆ ಗೇಟಿಗೆ ಬರುತ್ತೇವೆ.

ಅವನು ಮಗಳ ಮದುವೆಗೆಂದು ಒಂದು ವಾರ ರಜೆ ಹಾಕಿದ. ಕಂಡಕ್ಟರನೂ ಆ ಮದುವೆಗೆ ಹೋದ. ಬದಲಿಗೆ ಬಯಲುಸೀಮೆಯ ಕಡೆಯ ಒಬ್ಬ ಡ್ರೈವರ್ ಬಂದ, ಟಿಕೆಟ್ ಕೊಡುವುದೂ ಅವನೇ. ಸೋಮವಾರ ಏಳು ಎಂದರೆ ಏಳಕ್ಕೆ ಹಾರ್ನ್ ಇಲ್ಲದೆ ಹೊರಟ. ನಾವೆಲ್ಲ ಲೋಟ ಹಿಡಿದು ಜಗಲಿಯಲ್ಲಿ ನಿಂತಿದ್ದೆವು. ಬಸ್ಸು ನಮ್ಮ ಕಣ್ಣ ಮುಂದೆಯೇ ಹೋಯಿತು. ಪೊನ್ನಂಪೇಟೆಯವರೆಗೆ ಒಂದು ನೊಣವೂ ಹತ್ತಲಿಲ್ಲವಂತೆ.

ಮಂಗಳವಾರ ನಾವು ಏಳು ಜನ ಆರೂಮುಕ್ಕಾಲಿಗೇ ಹತ್ತಿ ಕೂತೆವು. ಮೂರನೆಯ ನಿಲುಗಡೆಯಲ್ಲಿ ಅಜ್ಜಿ ಊರುಗೋಲು ಅಡ್ಡ ಹಿಡಿದು ರಸ್ತೆಯ ನಡುವೆ ನಿಂತಿದ್ದರು. ಬಸ್ಸು ನಿಂತಿತು.

"ನಿನ್ನೆ ಬಸ್ಸು ಓಡಿಸಿಕೊಂಡು ಓಡಿದವನು ನೀನೋ?"

"ಟೈಮ್ ಅಜ್ಜಿ. ಟೈಮಿಗೆ ಸರಿಯಾಗಿ ಹೋಗಬೇಕು."

"ತಿಂಡಿ ತಿಂದಿದ್ದೀಯಾ?"

ಅವನು ಉತ್ತರ ಕೊಡುವಾಗ ಸ್ವಲ್ಪ ತಡವರಿಸಿದ. ಅಷ್ಟು ಸಾಕಾಯಿತು. ಒಳಗೆ ಕರೆದುಕೊಂಡು ಹೋಗಿ ಅಕ್ಕಿರೊಟ್ಟಿ, ಜೇನುತುಪ್ಪ, ಕಾಫಿ ಕೊಟ್ಟರು. ಇನ್ನೊಂದು ರೊಟ್ಟಿ ಹಾಕಿದರು. ಮತ್ತೊಂದು ಕಾಫಿ ಕೊಟ್ಟರು. ಹೊರಗೆ ಕೂತು ನಮಗೆ ಸಾಕಾಗಿ ಹೋಯಿತು. ಕೊನೆಗೆ ನಾನೇ ಎದ್ದು ಹೋಗಿ ಡ್ರೈವರ್ ಸೀಟಿನ ಮೇಲೆ ಬಗ್ಗಿ ಮೂರು ಸಲ ಹಾರ್ನ್ ಹೊಡೆದೆ.

ಒಳಗಿನಿಂದ ಬಯಲುಸೀಮೆಯವನ ದನಿ ಬಂತು. "ಸ್ವಲ್ಪ ತಡೀರಿ ಮಾರಾಯ್ರೆ, ಬಸ್ಸು ಎಲ್ಲಿಗೂ ಓಡಿಹೋಗೋದಿಲ್ಲ."

ಸಾಹೇಬರು

ವಿಷಯ ನಗುವಿನಲ್ಲೇ ಮುಗಿಯಲಿಲ್ಲ. ಆ ಸೋಮವಾರ ಬಸ್ಸು ಖಾಲಿ ಹೋದದ್ದು ಮೇಲಿನವರ ಕಾಗದದಲ್ಲಿ ದಾಖಲಾಗಿತ್ತು. ನಮ್ಮ ಕಂಡಕ್ಟರ್ ಮದುವೆಯಿಂದ ಬಂದವನು ಸಪ್ಪೆ ಮುಖದಲ್ಲಿ ಹೇಳಿದ. ಈ ದಾರಿಯಲ್ಲಿ ಜನವಿಲ್ಲ, ಬಸ್ಸು ನಿಲ್ಲಿಸೋಣ ಎಂದು ಮಾತಾಗಿದೆ. ಬರುವ ಮಂಗಳವಾರ ಒಬ್ಬ ಸಾಹೇಬರು ಯಾರಿಗೂ ಹೇಳದೆ, ಸಾಧಾರಣ ಪ್ರಯಾಣಿಕನ ಹಾಗೆ ಬಂದು ನೋಡುತ್ತಾರೆ.

ಬಸ್ಸು ನಿಂತರೆ ನಾವು ಹೇಗೋ ಜೀಪು ಹಿಡಿದೇವು. ಆದರೆ ಅಜ್ಜಿ? ಜೀಪಿನ ಹಿಂದೆ ನಿಂತು ಹೋಗುವ ವಯಸ್ಸಲ್ಲ. ಅಲ್ಲಿ ಅವರ ಅಕ್ಕ ಬಾಗಿಲು ನೋಡುತ್ತಾ ಮಲಗಿರುತ್ತಾರೆ. ಊರಿನವರೆಲ್ಲ ಸೇರಿದೆವು. ಅಜ್ಜಿಗಾಗಿ ಮಂಗಳವಾರ ಬಸ್ಸು ತುಂಬಬೇಕು ಎಂದು ತೀರ್ಮಾನವಾಯಿತು. ಸುಳ್ಳು ತೋರಿಸುವುದು ನನ್ನ ಮನಸ್ಸಿಗೆ ಸ್ವಲ್ಪ ಚುಚ್ಚಿತು. ಅಯ್ಯಪ್ಪನಿಗೆ ಒಂದು ಮಣ್ಣಿನ ನಾಯಿ ಹೇಳಿಕೊಂಡು, ನಾನೂ ಬರುತ್ತೇನೆ ಎಂದೆ.

ಮಂಗಳವಾರ ತೋಟದ ಲೈನ್ ಮನೆಗಳ ಕೂಲಿಯವರು, ಗದ್ದೆಯವರು, ಅಂಗಡಿಯವರು, ಪೊನ್ನಂಪೇಟೆಯಲ್ಲಿ ಯಾವ ಕೆಲಸವೂ ಇಲ್ಲದವರು ಎಲ್ಲ ಹತ್ತಿದರು. ಹಿಂದಿನ ದಿನ ಊರಿಗೆ ಬಂದಿದ್ದ ಅಪರಿಚಿತನೊಬ್ಬನೂ ಹತ್ತಿದ, ಮಿಕ್ಸಿ ಮಾರುವವನೆಂದು ತಿಳಿದದ್ದು ಆಮೇಲೆ. ಕೈಯಲ್ಲಿ ಫೈಲು, ಜೇಬಿನಲ್ಲಿ ಪೆನ್ನು. ಇವನೇ ಸಾಹೇಬನೆಂದು ಯಾರೋ ಕಣ್ಣು ಮಿಟುಕಿಸಿದರು. ತಕ್ಷಣ ಅವನನ್ನು ಎಡಗಡೆಯ ಎರಡನೆಯ ಸೀಟಿನಲ್ಲಿ ಕೂರಿಸಿ, ಬಾಳೆಹಣ್ಣು ಕೊಟ್ಟು, ಇಬ್ಬರು ಪೇಪರಿನಿಂದ ಗಾಳಿ ಬೀಸಿದರು. "ದಿನಾ ಹೀಗೇ ರಶ್ಶು ಸಾರ್" ಎಂದು ರೈಟರು ನಿಟ್ಟುಸಿರು ಬಿಟ್ಟರು. ಇಂಥ ಮರ್ಯಾದೆಯ ಊರನ್ನು ತಾನು ಕಂಡಿಲ್ಲ ಎಂದು ಅವನ ಕಣ್ಣು ಒದ್ದೆಯಾಯಿತು.

ಯಾರಿಗೂ ಹೊಳೆಯದ ವಿಷಯ ಒಂದೇ. ಅಜ್ಜಿ ಹತ್ತುವುದು ಮೂರನೆಯ ನಿಲುಗಡೆಯಲ್ಲಿ.

ಎಡಗಡೆ ಜನ ಗೋಡೆಯ ಹಾಗೆ ನಿಂತಿದ್ದರಿಂದ ಡ್ರೈವರಿಗೆ ನಿಲುಗಡೆಯಲ್ಲಿ ನಿಂತವರು ಕಾಣಲಿಲ್ಲ. ಕಂಡಕ್ಟರ್ ಹಿಂದೆ ಸಿಕ್ಕಿಬಿದ್ದಿದ್ದ, ಸೀಟಿ ಬಾಯಿಗೆ ತರಲು ಕೈ ಮೇಲೆ ಬರಲಿಲ್ಲ. ದೇವರಕಾಡು ದಾಟಿತು ಎಂದು ನನಗೆ ಗೊತ್ತಾದದ್ದು ಡ್ರೈವರ್ ಕೈ ಎತ್ತಿದ್ದರಿಂದ. ಇಷ್ಟು ವರ್ಷದಲ್ಲಿ ಮೊದಲ ಸಲ ಬಸ್ಸು ಅಜ್ಜಿಯನ್ನು ಬಿಟ್ಟು ಹೋಯಿತು.

ಇಲ್ಲಿಂದ ಮುಂದಿನದು ಅಜ್ಜಿ ಹೇಳಿದ್ದು.

ನಿಲುಗಡೆಯಲ್ಲಿ ಅವರ ಜೊತೆ, ಬೆಳಿಗ್ಗೆ ಯಾವುದೋ ಜೀಪಿನಿಂದ ಇಳಿದ ಇನ್ನೊಬ್ಬ ನಿಂತಿದ್ದ. ಪ್ಯಾಂಟು, ಸಣ್ಣ ಚೀಲ, ಸುಮಾರು ನಲವತ್ತೈದು ವಯಸ್ಸು. ಬಸ್ಸು ಧೂಳೆಬ್ಬಿಸಿ ಹೋದ ಮೇಲೆ ಅವನು ಕೇಳಿದ.

"ಅಜ್ಜಿ, ಮುಂದಿನ ಬಸ್ಸು ಎಷ್ಟು ಹೊತ್ತಿಗೆ?"

"ನಾಳೆ ಬೆಳಿಗ್ಗೆ."

ಇಬ್ಬರೂ ಕಲ್ಲಿನ ಮೇಲೆ ಕೂತರು. ಅಜ್ಜಿ ಕಿತ್ತಳೆ ತೆಗೆದರು. "ತಗೋ ಮಗ. ಕಂಡಕ್ಟರಿಗೆ ತಂದದ್ದು. ಆ ಮುಖೇಡಿಗೆ ಇವತ್ತು ಇಲ್ಲ."

ಅವನು ಸುಲಿದು ತಿನ್ನುತ್ತಾ ಕೇಳಿದ. "ದಿನಾ ಇಷ್ಟು ಜನ ಇರ್ತಾರಾ?"

"ಎಲ್ಲಿಯ ಜನ? ಎಂಟೋ ಹತ್ತೋ. ಯಾರೋ ಸಾಹೇಬ ನೋಡ್ಲಿಕ್ಕೆ ಬರ್ತಾನಂತೆ. ಅವನ ಕಣ್ಣಿಗೆ ಮಣ್ಣು ಎರಚ್ಲಿಕ್ಕೆ ಕೆಲಸವಿಲ್ಲದವರೆಲ್ಲ ಹತ್ತಿದ್ದಾರೆ. ಕೆಲಸ ಇರುವ ನಾನು ಇಲ್ಲಿ ಕೂತಿದ್ದೇನೆ. ಅಲ್ಲಿ ನನ್ನ ಅಕ್ಕ ಕಾಯ್ತಾ ಇದ್ದಾಳೆ. ಇವತ್ತು ಹೋಗದಿದ್ದರೆ ಕರು ಬಿಟ್ಟದ್ದು ನಾನೇ ಅಂತ ಒಪ್ಪಿಕೊಂಡ ಹಾಗೆ ಆಗ್ತದೆ."

ಅವನು ತಿನ್ನುವುದನ್ನು ನಿಲ್ಲಿಸಿ, "ಅಜ್ಜಿ, ಆ ಸಾಹೇಬ ನಾನೇ" ಎಂದ.

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದರೆ ನೀನು ಬರದಿದ್ದರೆ ನನಗೆ ಸೀಟು ಸಿಗ್ತಿತ್ತು. ಉಳಿದ ಕಿತ್ತಳೆ ಇತ್ತ ಕೊಡು."

ಅವನು ಕೊಟ್ಟನಂತೆ.

ಅಷ್ಟು ಹೊತ್ತಿಗೆ ತೋಟದ ಪಿಕಪ್ ಜೀಪು ಬಂತು. ನಾವು ಅರವತ್ತು ಎಪ್ಪತ್ತು ಜನ ಪೊನ್ನಂಪೇಟೆಯ ಬಸ್ ನಿಲ್ದಾಣದಲ್ಲಿ, ಮುಂದೆ ಏನು ಮಾಡುವುದೆಂದು ತಿಳಿಯದೆ ನಿಂತಿದ್ದಾಗ ಆ ಜೀಪು ಎದುರಿಗೇ ಹೋಯಿತು. ಮುಂದಿನ ಸೀಟಿನಲ್ಲಿ ಅಜ್ಜಿ. ಹಿಂದೆ ಗೊಬ್ಬರದ ಚೀಲಗಳ ಮೇಲೆ ಸಾಹೇಬರು. ಅವರು ಅಜ್ಜಿಯನ್ನು ಅಕ್ಕನ ಮನೆ ಬಾಗಿಲಿಗೆ ಇಳಿಸಿ, ಒಳಗೂ ಹೋಗಿ ಜಗಳವನ್ನು ಪೂರ್ತಿ ಕೇಳಿದರಂತೆ. ತೀರ್ಪು ಕೊಡುವ ಧೈರ್ಯ ಮಾಡಲಿಲ್ಲವಂತೆ.

ಮುಂದಿನ ತಿಂಗಳು ಕಾಗದ ಬಂತು. ಬಸ್ಸು ನಿಲ್ಲಿಸಬಾರದು. ಸಾಹೇಬರು ಬರೆದದ್ದನ್ನು ಕಂಡಕ್ಟರ್ ನೋಡಿ ಬಂದು ಹೇಳಿದ. 'ನಾನು ಹೋದ ದಿನ ಬಸ್ಸಿನಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ವಯಸ್ಸಾದ ಮಹಿಳೆಯೊಬ್ಬರು ಹತ್ತಲಾಗದೆ ಉಳಿದರು. ಅವರಿಗೆ ಬೇರೆ ದಾರಿಯಿಲ್ಲ.' ನಾನು ಎರಡು ಸಲ ಯೋಚಿಸಿ ನೋಡಿದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸಮಾಧಾನದಿಂದ ಹೋಗಿ ಮಣ್ಣಿನ ನಾಯಿ ಒಪ್ಪಿಸಿ ಬಂದೆ.

ಮರುವಾರ ಬಸ್ಸಿನಲ್ಲಿ ರೈಟರು ಎದೆ ಉಬ್ಬಿಸಿ ಹೇಳಿದರು. "ನೋಡಿದಿರಾ ಅಜ್ಜಿ, ನಾವೆಲ್ಲ ಹತ್ತಿದ್ದಕ್ಕೆ ಬಸ್ಸು ಉಳಿಯಿತು."

ಅಜ್ಜಿ ಕಿಟಕಿಯಿಂದ ಮುಖ ತಿರುಗಿಸಲೂ ಇಲ್ಲ. "ನೀವು ಹತ್ತಿದ್ದಕ್ಕಲ್ಲ. ನಾನು ಹತ್ತದೆ ಇದ್ದದ್ದಕ್ಕೆ."

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಬಸ್ಸಿನಲ್ಲೇ ಕೂತು ಹೇಳಿದರೆ ಇನ್ನೂ ಒಳ್ಳೆಯದು, ಎರಡು ತಲೆ ಹೆಚ್ಚು ಕಾಣುತ್ತದೆ. ಮಂಗಳವಾರವಾದರೆ ಮಾತ್ರ ಎಡಗಡೆಯ ಎರಡನೆಯ ಸೀಟು ಬಿಟ್ಟು ಕೂರಿ.